ಲಿಸ್ಟಿಗೆ ನಾನು ಬರೆಯದ ಉತ್ತರ

ಮೊದಲ ನೋಟಕ್ಕೆ ಅದು ಯಾವುದೋ ಅಂಗಡಿಯನ್ನು ಜಪ್ತಿ ಮಾಡಿ ಮಾಲು ತಂದು ಹಾಕಿದ ಜಾಗದಂತೆ ಕಂಡಿತು. ಶನಿವಾರದ ಮಧ್ಯಾಹ್ನ, ಪುಣೆಯ ಒಂದು ಕಾಲೇಜಿನ ಹಾಲ್. ಬಾಗಿಲಿಗೆ ರಿಕ್ಷಾಗಳು ಬಂದು ನಿಲ್ಲುತ್ತಿದ್ದವು. ಒಂದೊಂದರಿಂದಲೂ ಒಬ್ಬೊಬ್ಬರು ಚಾದರದಲ್ಲಿ ಸುತ್ತಿದ ಕಂಪ್ಯೂಟರ್ ಡಬ್ಬಿಯನ್ನು ಕೂಸಿನ ಹಾಗೆ ಎದೆಗವಚಿಕೊಂಡು ಇಳಿಯುತ್ತಿದ್ದರು. ಒಳಗೆ ಉದ್ದನೆಯ ಮೇಜುಗಳ ಮೇಲೆ ಅವೇ ಡಬ್ಬಿಗಳು ಮುಚ್ಚಳ ಕಳಚಿ, ವಾಯರುಗಳು ಹೊರಬಿದ್ದು ಮಲಗಿದ್ದವು. ಪ್ರತಿಯೊಂದರ ಸುತ್ತ ಜನ ಬಗ್ಗಿ ನಿಂತಿದ್ದರು. ಜಗಳವೋ ಎನ್ನುವಷ್ಟು ಗದ್ದಲ. ಆದರೆ ಯಾರೂ ಜಗಳವಾಡುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಯಾರೂ ಹಣಕ್ಕೆ ಕೈ ಚಾಚುತ್ತಲೂ ಇರಲಿಲ್ಲ.

ನನ್ನ ಡಬ್ಬಿಯನ್ನು ಮೇಜಿನ ತುದಿಗೆ ಇಟ್ಟೆ. ಯಾವೂರು, ಯಾರ ಪೈಕಿ ಎಂದು ಏನೂ ಕೇಳದೆ ಒಬ್ಬರು ಬಂದು ಸ್ಕ್ರೂ ಬಿಚ್ಚತೊಡಗಿದರು. ನಲವತ್ತು ದಾಟಿದ ವಯಸ್ಸು, ಮಡಚಿದ ತೋಳು, ಜೇಬಿನಲ್ಲಿ ಟೆಸ್ಟರ್. ಅವರೇ ಶಿರೀಷ್, ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಸ್ವಲ್ಪ ಹೊತ್ತು ನನ್ನ ಯಂತ್ರವನ್ನು ಹಿಂದೆ ಮುಂದೆ ನೋಡಿ, ನೆಟ್ಟಗೆ ನಿಂತು, ಇಡೀ ಹಾಲಿಗೆ ಕೇಳುವಂತೆ ಕೂಗಿದರು: “ಮಲಾ ಮಾಹೀತ್ ನಾಹೀ!”

ನನಗೆ ಗೊತ್ತಿಲ್ಲ, ಎಂದು ಅದರ ಅರ್ಥ. ನಾನು ಬೆವೆತುಹೋದೆ. ಹುಟ್ಟಿದಂದಿನಿಂದ ಕಸಬು ಕಲಿತವನೊಬ್ಬನ ಬಾಯಿಂದ ಅಂಥ ಮಾತನ್ನು, ಅದೂ ಅಷ್ಟು ಜನರ ನಡುವೆ, ಕೇಳಿರಲಿಲ್ಲ. ಈಗ ಇವರ ಮಾನ ಹೋಯಿತು, ಅದಕ್ಕೆ ನನ್ನ ಡಬ್ಬಿ ಕಾರಣವಾಯಿತು ಎಂದುಕೊಂಡೆ. ಆದದ್ದೇ ಬೇರೆ. ಅಕ್ಕಪಕ್ಕದ ಮೇಜಿನವರು ಕೈಯಲ್ಲಿದ್ದ ಕೆಲಸ ಬಿಟ್ಟು, ಊಟಕ್ಕೆ ಕರೆದ ಹಾಗೆ ಖುಷಿಯಿಂದ ಎದ್ದು ಬಂದರು.

ನಾನು ಅಷ್ಟು ಬೆಚ್ಚಿದ್ದು ಏಕೆಂದು ನಿಮಗೆ ತಿಳಿಯಬೇಕಾದರೆ ನನ್ನ ಊರನ್ನು ಹೇಳಬೇಕು. ನಾನು ಬನಹಟ್ಟಿಯವನು. ಸೀರೆಯ ನೂಲಿಗೆ ಬಣ್ಣ ಹಾಕುವುದು ನಮ್ಮ ಮನೆತನದ ಕೆಲಸ. ನನ್ನ ಅಪ್ಪ ಹಾಕುತ್ತಿದ್ದ ಒಂದು ಕೆಂಪು ಇತ್ತು. ದಾಳಿಂಬೆಯ ಬೀಜವನ್ನು ಬಿಸಿಲಿಗೆ ಹಿಡಿದರೆ ಕಾಣುತ್ತದಲ್ಲ, ಆ ಕೆಂಪು. ಎಷ್ಟು ಒಗೆದರೂ ಅದು ಇಳಿಯುತ್ತಿರಲಿಲ್ಲ. ಅದನ್ನು ಕಲಸುವ ಹೊತ್ತಿಗೆ ಅಪ್ಪ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದರು. ಒಡಹುಟ್ಟಿದ ತಮ್ಮನಿಗೂ ಹೇಳಲಿಲ್ಲ. ಪಕ್ಕದ ಓಣಿಯವರೊಬ್ಬರು ಹಂಡೆ ತೊಳೆದ ನೀರು ಹರಿದ ಜಾಗದ ಮಣ್ಣನ್ನು ಮೂಸಿ ನೋಡಿದರೆಂದು ನಮ್ಮ ಮನೆಯವರು ಅವರೊಡನೆ ಮಾತು ಬಿಟ್ಟಿದ್ದರು. ಕಸಬು ಎಂದರೆ ಹಾಗೆ, ಚಿಲಕದ ಒಳಗಿನದು ಎಂದು ತಿಳಿದು ಬೆಳೆದವನು ನಾನು.

ಎಸ್ಸೆಸ್ಸೆಲ್ಸಿ ಪಾಸಾಗಿ ಟೈಪಿಂಗ್ ಕಲಿತಿದ್ದೆ. ಮಗ್ಗದ ಕೆಲಸ ಕಡಿಮೆಯಾಗುತ್ತ ಬಂದಾಗ, ತೊಂಬತ್ತರ ದಶಕದ ಮೊದಲಲ್ಲಿ, ನಮ್ಮ ಕಡೆಯ ಒಬ್ಬ ಬಟ್ಟೆ ವ್ಯಾಪಾರಿಯ ಆಫೀಸಿಗೆ ಟೈಪಿಸ್ಟ್ ಆಗಿ ಪುಣೆಗೆ ಬಂದೆ. ಹೆಂಡತಿ ಶಾಂತಾ ಜೊತೆಗೆ ಬಂದಳು. ಪೇಠೆಯ ಒಂದು ವಾಡೆಯಲ್ಲಿ ಖೋಲಿ ಸಿಕ್ಕಿತು. ವಾಡೆ ಎಂದರೆ ನಡುವೆ ಅಂಗಳ, ಸುತ್ತ ಬಾಡಿಗೆಯವರು, ಎಲ್ಲರಿಗೂ ಸೇರಿ ಒಂದೇ ನಳ. ಬಂದ ಮೊದಲ ದಿನ ಆ ವಾಡೆ ಹುಡುಕುತ್ತ ಒಂದು ಅಂಗಡಿಗೆ ಹೋಗಿ ವಿಳಾಸ ಕೇಳಿದರೆ, ಯಜಮಾನರು ತಲೆ ಎತ್ತದೆ ಗೋಡೆಯ ಕಡೆ ಬೆರಳು ತೋರಿಸಿದರು. ‘ಇಥೆ ಪತ್ತಾ ವಿಚಾರು ನಯೇ’ ಎಂದು ಬೋರ್ಡು. ಇಲ್ಲಿ ವಿಳಾಸ ಕೇಳಬಾರದು! ನಮ್ಮೂರಲ್ಲಿ ವಿಳಾಸ ಕೇಳಿದರೆ ಮನೆಯವರೆಗೆ ಬಿಟ್ಟು, ಅಲ್ಲೇ ಕೂತು ಚಹಾ ಕುಡಿದು ಹೋಗುತ್ತಾರೆ. ಅಂದು ಖೋಲಿಗೆ ಬಂದ ಮೇಲೂ ನನ್ನ ಕಿವಿ ಬಿಸಿಯಾಗಿತ್ತು.

ಮಧ್ಯಾಹ್ನ ಒಂದು ಗಂಟೆಗೆ ಅಂಗಡಿಗಳು ಮುಚ್ಚುವುದನ್ನು ನೋಡಿ ಯಾರೋ ದೊಡ್ಡವರು ತೀರಿಕೊಂಡಿದ್ದಾರೆ ಎಂದು ಶಾಂತಾ ಹೆದರಿದ್ದಳು. ನಾಲ್ಕಕ್ಕೆ ಮತ್ತೆ ತೆರೆದವು. ವ್ಯಾಪಾರಸ್ಥರು ಮಲಗಲು ಹೋಗಿದ್ದರು ಅಷ್ಟೆ. ನೆರೆಯವರು ಪ್ರೀತಿಯಿಂದ ಕೊಟ್ಟ ಬೇಳೆಯಲ್ಲಿ ಬೆಲ್ಲ ಇತ್ತು. “ಇವರಿಗೆ ಖಾರ ಅಂದ್ರ ಸಿಟ್ಟೇನ್ರಿ?” ಎಂದಳು ಅವಳು, ಬಟ್ಟಲು ಹಿಡಿದುಕೊಂಡು. ವರುಷ ಕಳೆದಂತೆ ನಮ್ಮ ಸಾರಿನಲ್ಲೂ ಚೂರು ಬೆಲ್ಲ ಸೇರಿತು. ಊರಿಗೆ ಹೋದಾಗ ನಾದಿನಿ ಒಂದು ತುತ್ತು ಬಾಯಿಗಿಟ್ಟು, “ವೈನಿ, ಪಾಯಸಾ ಮಾಡೀರೇನು?” ಎಂದು ಚುಡಾಯಿಸಿದಳು.

ಮುಂದೆ ಪುಣೆಯ ಅಂಚಿನ ಕೊಂಢವಾದಲ್ಲಿ ಒಂದು ಗಾಳೆ, ಅಂದರೆ ಮಳಿಗೆ, ಹಿಡಿದು ನನ್ನದೇ ಅಂಗಡಿ ತೆರೆದೆ. ಮೊದಲು ಲಗ್ನಪತ್ರಿಕೆಯ ಟೈಪಿಂಗ್. ಆಮೇಲೆ ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿ ಮಾರುವುದು. ಪಕ್ಕದಲ್ಲಿ ಮಾರ್ಬಲ್ ಕೊರೆಯುವವರು, ಎದುರಿಗೆ ಕಟ್ಟುತ್ತಿರುವ ಬಿಲ್ಡಿಂಗ್. ಎಷ್ಟು ಒರೆಸಿದರೂ ಕೀಬೋರ್ಡಿನ ಮೇಲೆ ಬಿಳಿ ಧೂಳು. ಅಲ್ಲಿಗೆ ಬಂದವನು ಪ್ರಹ್ಲಾದ. ಧಾರವಾಡದವನು, ಒಂದು ಬ್ಯಾಂಕಿನಲ್ಲಿ ಕ್ಲರ್ಕು, ನನಗಿಂತ ಬಹಳ ಚಿಕ್ಕವನು. ಕನ್ನಡ ಕೇಳಿಸಿತೆಂದೇ ಒಳಗೆ ಬಂದು ಕೂತ. “ಕಾಕಾ, ನೀವು ಒಮ್ಮೆ ನಮ್ಮ ಗುಂಪಿಗೆ ಬರ್ರಿ. ಅಲ್ಲಿ ಕಂಪ್ಯೂಟರ್ ಹುಚ್ಚರು ಭಾಳ ಮಂದಿ ಅದಾರ” ಎಂದು ಆ ಹಾಲಿಗೆ ಕರೆದೊಯ್ದವನು ಅವನೇ.

ಆ ಹುಚ್ಚು ಲಿನಕ್ಸ್‌ನದು. ಕಂಪ್ಯೂಟರ್ ಚಾಲೂ ಮಾಡಿದಾಗ ಎಲ್ಲಕ್ಕಿಂತ ಮೊದಲು ಎದ್ದು ಉಳಿದದ್ದನ್ನೆಲ್ಲ ನಡೆಸುವ ಒಂದು ತಂತ್ರಾಂಶ ಇರುತ್ತದೆ. ಲಿನಕ್ಸ್ ಅಂಥದು. ಆದರೆ ಅದಕ್ಕೆ ಮಾಲೀಕರಿಲ್ಲ. ಅದನ್ನು ಹೇಗೆ ಬರೆದಿದ್ದಾರೆ ಎಂಬುದು ಯಾರಿಗೆ ಬೇಕಾದರೂ ತೆರೆದು ನೋಡಲು ಸಿಗುತ್ತದೆ. ತಿದ್ದಬಹುದು, ಹಂಚಬಹುದು. ಜಗತ್ತಿನ ಅಪ್ಪಂದಿರೆಲ್ಲ ಚಿಲಕ ತೆಗೆದು, ಹಂಡೆಯನ್ನು ಬೀದಿಗೆ ತಂದಿಟ್ಟ ಹಾಗೆ. ಪ್ರಹ್ಲಾದ ಇದನ್ನು ವಿವರಿಸಿದ ದಿನ, ಇದರಲ್ಲಿ ಏನೋ ಮೋಸವಿದೆ ಎಂದೇ ನಾನು ನಂಬಿದ್ದೆ. ಮೋಸ ಎಲ್ಲಿದೆ ಎಂದು ಬಹಳ ದಿನ ಹುಡುಕಿದೆ.

ಶನಿವಾರಗಳ ನಡುವೆ ಆ ಗುಂಪು ಮೇಲಿಂಗ್ ಲಿಸ್ಟಿನಲ್ಲಿ ಬದುಕುತ್ತಿತ್ತು. ಒಂದು ವಿಳಾಸಕ್ಕೆ ಕಳಿಸಿದ ಇ-ಮೇಲ್ ಗುಂಪಿನ ಎಲ್ಲರಿಗೂ ಹೋಗುವ ಏರ್ಪಾಟು ಅದು. ಬರೆದದ್ದೆಲ್ಲ ಹಾಗೇ ಉಳಿಯುತ್ತಿತ್ತು, ಯಾರು ಬೇಕಾದರೂ ಹುಡುಕಿ ಓದಬಹುದಿತ್ತು. ಅಲ್ಲಿ ಒಂದು ಕಟ್ಟಳೆ ಇತ್ತು. ಪ್ರಶ್ನೆ ಕೇಳುವ ಮೊದಲು ಹಳೆಯ ಪತ್ರಗಳಲ್ಲಿ ಹುಡುಕಬೇಕು. ಕೇಳಿದ ಮೇಲೆ, ತೊಂದರೆ ಬಗೆಹರಿದರೆ, ಅದೇ ಪತ್ರದ ಕೆಳಗೆ ‘ಬಗೆಹರಿಯಿತು’ ಎಂದು ಬರೆದು, ಹೇಗೆ ಬಗೆಹರಿಯಿತು ಎಂಬುದನ್ನೂ ಬರೆಯಬೇಕು. ಸಹಾಯಕ್ಕೆ ಅವರು ಕೇಳುತ್ತಿದ್ದ ದಕ್ಷಿಣೆ ಇದೊಂದೇ. ಹಾಗೆ ಬರೆಯದೆ ಸುಮ್ಮನಾದವನ ಬಗ್ಗೆ ಎಲ್ಲರೂ ನಗುತ್ತ ಒಂದೇ ಮಾತು ಹೇಳುತ್ತಿದ್ದರು: ಕೇಬಲ್ ಸಡಿಲ ಇದ್ದಿರಬೇಕು, ಹೇಳಲು ನಾಚಿಕೊಂಡಿದ್ದಾನೆ. ಮೌನಕ್ಕೂ ಅಲ್ಲಿ ಅರ್ಥವಿತ್ತು. ಏನೂ ದೊಡ್ಡದಿರಲಿಲ್ಲ, ಎಂಬುದು ಆ ಅರ್ಥ.

ಇಷ್ಟನ್ನು ನೆನಪಿಡಿ. ನನ್ನ ತಪ್ಪೆಲ್ಲ ಇದರೊಳಗಿದೆ.

ನನ್ನ ಡಬ್ಬಿಯ ತೊಂದರೆ ವಿಚಿತ್ರವಾಗಿತ್ತು. ಆಗ ಪೇಟೆಗೆ ಒಂದು ಬಗೆಯ ಅಗ್ಗದ ಮದರ್‌ಬೋರ್ಡ್ ಬಂದಿತ್ತು. ಅದರ ಮೇಲೆ ಲಿನಕ್ಸ್ ಹಾಕಿದರೆ ಎಲ್ಲವೂ ಚೆನ್ನಾಗಿ ನಡೆಯುತ್ತದೆ. ಆದರೆ ದೊಡ್ಡ ಫೈಲನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಇಳಿಸಿದರೆ ಎಲ್ಲೋ ನಡುವೆ ಕೆಲವು ಅಕ್ಷರ ಕೆಡುತ್ತವೆ. ಕಂಪ್ಯೂಟರ್ ಏನೂ ಹೇಳುವುದಿಲ್ಲ, ನಿಲ್ಲುವುದೂ ಇಲ್ಲ. ಅಂದು ಹಾಲಿನಲ್ಲಿ ಯಾರಿಗೂ ತಿಳಿಯಲಿಲ್ಲ. ಮನೆಗೆ ಬಂದು ಪ್ರಹ್ಲಾದನ ಸಹಾಯದಿಂದ ನನ್ನ ಮುರುಕು ಇಂಗ್ಲಿಷಿನಲ್ಲಿ ಲಿಸ್ಟಿಗೆ ಪ್ರಶ್ನೆ ಬರೆದೆ. ಒಬ್ಬರು ಮೆಮೊರಿ ಬದಲಿಸು ಎಂದರು, ಒಬ್ಬರು ವಾಯರ್ ಬದಲಿಸು ಎಂದರು. ಶಿರೀಷ್ ಅವರಂತೂ ತಮ್ಮ ಮೆಮೊರಿ ಪಟ್ಟಿಯನ್ನೇ ಕಿತ್ತು ಜೇಬಿನಲ್ಲಿಟ್ಟುಕೊಂಡು ಸ್ಕೂಟರ್ ಮೇಲೆ ಕೊಂಢವಾಕ್ಕೆ ಬಂದು, ನನ್ನ ಯಂತ್ರಕ್ಕೆ ಹಾಕಿ ನೋಡಿ ಹೋದರು. ಕುತ್ತಿಗೆಯ ಮೇಲೆಲ್ಲ ಮಾರ್ಬಲ್ ಧೂಳು. ಶಾಂತಾ ಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ತಿಂದು ಕಣ್ಣಲ್ಲಿ ನೀರು ಹಾಕಿಕೊಂಡು ನಕ್ಕರು.

ಒಂದು ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಎಳೆದುಕೊಂಡು, ಲಿಸ್ಟಿನ ಮತ್ತಿಬ್ಬರು ಬೇರೆ ಬೇರೆ ಪತ್ರಗಳಲ್ಲಿ ಹೇಳಿದ್ದನ್ನು ಒಟ್ಟಿಗೆ ಮಾಡಿ ನೋಡಿದೆ. ಲಿನಕ್ಸ್ ಏಳುವ ಹೊತ್ತಿಗೆ ಓದುವ ಸೂಚನೆಗಳಲ್ಲಿ ಒಂದು ಸಾಲು ಸೇರಿಸಬೇಕು. ಡಿಸ್ಕಿಗೆ, ಓಡಬೇಡ, ನಡಿ ಎಂದು ಹೇಳುವ ಸಾಲು ಅದು. ವೇಗ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಒಂದಕ್ಷರ ಕೆಡುವುದಿಲ್ಲ. ಮತ್ತೆ ಮತ್ತೆ ಇಳಿಸಿ ನೋಡಿದೆ. ಕೆಡಲಿಲ್ಲ. ಖುಷಿಗೆ ಶಟರ್ ಮೇಲೆತ್ತಿ ಮಾರ್ಬಲಿನವರಿಗೆಲ್ಲ ಚಹಾ ಹೇಳಿದೆ.

ಲಿಸ್ಟಿಗೆ ಬರೆಯಲು ಕೂತೆ. ಮೇಲ್ ತೆರೆದೆ. ಅಪ್ಪನ ಚಿಲಕದ ಸದ್ದು ಕೇಳಿಸಿದ ಹಾಗಾಯಿತು. ನಾಳೆ ಬರೆದರಾಯಿತು ಎಂದುಕೊಂಡೆ. ಆ ನಾಳೆ ಬರಲಿಲ್ಲ. ಆ ಬೋರ್ಡಿನ ಯಂತ್ರಗಳನ್ನು ಜೋಡಿಸಿ, ಒಳಗೆ ಆ ಸಾಲು ಹಾಕಿ ಮಾರಿದೆ. ‘ಕಾನಡೀ ಕಾಕಾನ ಮಷೀನು ಕೆಡೋದಿಲ್ಲ’ ಎಂದು ಕೊಂಢವಾದಲ್ಲಿ ಮಾತಾಯಿತು. ಕಾನಡೀ ಎಂದರೆ ಕನ್ನಡದವನು. ಗುಂಪಿನಲ್ಲಿ ಪದವಿ ಇಲ್ಲದವನು ನಾನೊಬ್ಬನೇ. ಅವರಿಗೆ ಗೊತ್ತಿಲ್ಲದ್ದು ನನಗೊಂದು ಗೊತ್ತಿದೆ ಎನ್ನುವುದು ಸಣ್ಣ ಸುಖವಲ್ಲ. ಆದರೆ ಆ ಸಾಲಿನ ಎರಡು ಅರ್ಧಗಳೂ ಅವರಿಂದಲೇ ಬಂದವು. ನಾನು ಕೂಡಿಸಿದ್ದೆ, ಅಷ್ಟೆ.

ಹೀಗೆ ಒಂದು ವರ್ಷ ಕಳೆಯಿತು. ಶಿರೀಷ್ ಆ ಹೊತ್ತಿಗೆ ಒಂದು ಪುಸ್ತಕ ಬರೆಯುತ್ತಿದ್ದರು. ಲಿಸ್ಟಿನಲ್ಲಿ ಇಂಗ್ಲಿಷಿನಲ್ಲಿ ಚದುರಿಹೋಗಿದ್ದ ಉತ್ತರಗಳನ್ನೆಲ್ಲ ಆರಿಸಿ, ಹೊಸಬರಿಗೆ ತಿಳಿಯುವಂತೆ ಮರಾಠಿಯಲ್ಲಿ, ಪಾಠ ಪಾಠವಾಗಿ. ಹಳ್ಳಿಯ ಶಾಲೆಗಳಿಗೆ ಪುಕ್ಕಟೆ ಹಂಚುವ ಆಸೆ. ಕಾರ್ಖಾನೆಯಿಂದ ಬಂದ ಮೇಲೆ ಅದೇ ಕೆಲಸ. “ನನ್ನ ಹೆಂಡತಿ ಇದಕ್ಕೆ ಸವತಿ ಅಂತಾಳೆ” ಎನ್ನುತ್ತಿದ್ದರು. ನನ್ನೊಡನೆ ಅವರು ಮಾತಾಡುತ್ತಿದ್ದುದು ಮರಾಠಿಯಲ್ಲಿ. ಇಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ.

ಒಂದು ಶನಿವಾರ ಸಭೆಗೆ ಮೊದಲು ಚಹಾದ ಅಂಗಡಿಯಲ್ಲಿ ಸಿಕ್ಕರು.

“ಕಾಕಾ, ಹೊಸ ಮಷೀನು ತಗೊಂಡೆ. ಬುಧವಾರ ಪೇಠೆಯ ಅಂಗಡಿಯಿಂದ. ನಿಮ್ಮದೇ ಬೋರ್ಡು!”

ನನ್ನ ಕೈಯಲ್ಲಿ ಚಹಾದ ಕಪ್ ಇತ್ತು.

“ಲಿಸ್ಟಲ್ಲಿ ಹುಡುಕಿದೆ. ನಿಮ್ಮ ಪ್ರಶ್ನೆ ಇದೆ, ಮುಂದೆ ಏನೂ ಇಲ್ಲ. ಕೇಬಲ್ಲೇ ಅಲ್ವೇ? ಸುಮ್ಮನೆ ನನ್ನನ್ನು ಬಿಸಿಲಲ್ಲಿ ಕೊಂಢವಾಕ್ಕೆ ಓಡಾಡಿಸಿದಿರಿ!” ಎಂದು ನಗುತ್ತ ನನ್ನ ಭುಜ ತಟ್ಟಿದರು.

ನಾನು “ಹಾಂ” ಎಂದೆ.

ಆ ‘ಹಾಂ’ ನನ್ನ ಬಾಯಿಂದ ಬಂದದ್ದು ಕೇಳಿ ನಾನೇ ದಂಗಾದೆ. ಈಗ ನಿಜ ಹೇಳಿದರೆ, ಒಂದು ವರ್ಷ ಏಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಿತ್ತು. ಶಿರೀಷ್ ದೊಡ್ಡ ಎಂಜಿನಿಯರ್, ತೊಂದರೆ ಬಂದರೆ ತಾವೇ ಕಂಡುಹಿಡಿಯುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಅವರು ಬರೆದು ಮುಗಿಸಿದ್ದ ಪುಸ್ತಕವನ್ನು ಹಳೆಯ ಡಿಸ್ಕಿನಿಂದ ಹೊಸದಕ್ಕೆ ಇಳಿಸಿದರು. ಹೊಸದರಿಂದ ಸಿ.ಡಿ. ಮಾಡಿಕೊಂಡರು. ಹಳೆಯ ಯಂತ್ರದ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಅಳಿಸಿ ಅದನ್ನು ಇಂದಾಪುರದ ಕಡೆಯ ಒಂದು ಶಾಲೆಗೆ ಕೊಟ್ಟುಬಿಟ್ಟರು. ಬಗೆಹರಿದ ತೊಂದರೆಗೆ ಉತ್ತರ ಬಂದೇ ಬರುತ್ತದೆ ಎಂದು ನಂಬಿದ ಮನುಷ್ಯ ಮಾತ್ರ ಮಾಡಬಹುದಾದ ತಪ್ಪು ಅದು. ಬೇರೆ ಯಾರಾದರೂ ಆಗಿದ್ದರೆ ನನ್ನ ಮೌನವನ್ನು ಅನುಮಾನಿಸುತ್ತಿದ್ದರು.

ಕೆಲವು ತಿಂಗಳಾದ ಮೇಲೆ ಪುಸ್ತಕವನ್ನು ಗುಂಪಿಗೆ ತೋರಿಸುವ ದಿನ ಬಂತು. ಅಲ್ಲಿಯವರೆಗೆ ಶಿರೀಷ್ ಅದನ್ನು ಮತ್ತೆ ತೆರೆದಿರಲಿಲ್ಲ. ಹಾಲಿನ ಗೋಡೆಯ ಮೇಲೆ ಪ್ರೊಜೆಕ್ಟರ್ ಬೆಳಕು. ಶಿರೀಷ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಅವರ ಹೆಂಡತಿ ಮೊದಲ ಸಾಲಿನಲ್ಲಿ ಪೇಢೆಯ ಡಬ್ಬಿ ಹಿಡಿದು ಕೂತಿದ್ದರು. ಮೊದಲ ಪಾಠ ತೆರೆಯಿತು. ಎರಡು ಸಾಲು ಮರಾಠಿ. ಆಮೇಲೆ ಪುಟದ ತುಂಬ ಚೌಕುಳಿ, ಪ್ರಶ್ನಾರ್ಥಕ ಚಿಹ್ನೆ, ಅರ್ಥವಿಲ್ಲದ ಗುರುತು.

“ಫಾಂಟು” ಎಂದು ನಕ್ಕರು. ಮುಂದಿನ ಪುಟ. ಮತ್ತೆ ಮುಂದಿನದು. ಇನ್ನೊಂದು ಪಾಠ ತೆರೆದರು, ಅರ್ಧ ಸರಿ ಇತ್ತು, ಅರ್ಧ ಇರಲಿಲ್ಲ. ಸಿ.ಡಿ. ಹಾಕಿದರು. ಅದೂ ಅದೇ.  ಅಂಥ ಗದ್ದಲದ ಜನ ಅಷ್ಟು ಸುಮ್ಮನಾದದ್ದನ್ನು ನಾನು ಕಂಡಿರಲಿಲ್ಲ. ಶಿರೀಷ್ ಪ್ರೊಜೆಕ್ಟರ್ ಆರಿಸಿದರು. ಆಮೇಲೆ ಮೆಲ್ಲಗೆ, ಈ ಸಲ ಹತ್ತಿರದವರಿಗಷ್ಟೇ ಕೇಳಿಸುವ ಹಾಗೆ, ಅದೇ ಮಾತು ಹೇಳಿದರು. “ಮಲಾ ಮಾಹೀತ್ ನಾಹೀ.”

ನನಗೆ ಗೊತ್ತಿತ್ತು. ಆ ಹಾಲಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. 

ಶಾಲೆಯಲ್ಲಿರುವ ಹಳೆಯ ಡಿಸ್ಕಿನಲ್ಲಿ ಏನಾದರೂ ಉಳಿದಿರಬಹುದೇ ಎಂದು ನೋಡಿ ಬರಲು ಪ್ರಹ್ಲಾದ ಮುಂದಾದ. ನಾನೂ ಬರುತ್ತೇನೆ ಎಂದೆ. ಮರುದಿನ ಸೋಲಾಪುರ ರಸ್ತೆಯಲ್ಲಿ ಕೆಂಪು ಎಸ್.ಟಿ. ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು. ಮುಂದೆ ಕಬ್ಬಿನ ಟ್ರ್ಯಾಕ್ಟರು, ಬಸ್ಸು ತೆವಳುತ್ತಿತ್ತು. ಆ ಕಬ್ಬು, ಆ ಕಪ್ಪು ಮಣ್ಣು ಥೇಟು ನಮ್ಮ ಕಡೆಯ ಹಾಗೇ. ಊರಿಗೇ ಹೊರಟಿದ್ದೇನೆ ಎನಿಸಿ ಎದೆ ಸಡಿಲವಾಯಿತು. ಪ್ರಹ್ಲಾದನಿಗೆ ಎಲ್ಲ ಹೇಳಿದೆ. ಸಾಲು, ಮೌನ, ಚಹಾದ ಅಂಗಡಿಯ ‘ಹಾಂ’.

ಅವನು ತಿನ್ನುತ್ತಿದ್ದ ಶೇಂಗಾ ಕೈಯಲ್ಲೇ ಉಳಿಯಿತು.

“ಏನಂದ್ರಿ ಕಾಕಾ?”

“ಹೌದೋ. ನನಗ ಗೊತ್ತಿತ್ತು.”

“ಗೊತ್ತಿದ್ದೂ... ಆ ಮನಶ್ಯಾ ತನ್ನ ಮಷೀನಿನ ಮೆಮೊರಿ ಕಿತ್ಕೊಂಡು ನಿಮ್ಮ ಅಂಗಡೀಗೆ ಬಂದಿದ್ದಾ ಅಲ್ರಿ! ನಿಮ್ಮ ಮನ್ಯಾಗ ರೊಟ್ಟಿ ತಿಂದು ಹೋಗ್ಯಾನ!”

“ಅದಕ್ಕ ನಿನ್ನ ಮುಂದ ಹೇಳ್ಲಿಕತ್ತೀನಿ.”

“ನನ್ನ ಮುಂದ ಯಾಕ?” ದನಿ ಏರಿತು. ಮುಂದಿನ ಸೀಟಿನವರು ತಿರುಗಿ ನೋಡಿದರು. “ನಾ ಕನ್ನಡದಾಂವ ಅಂತೇನು? ನಮ್ಮ ನಮ್ಮೊಳಗ ಇರ್ತದ, ಹೊರಗ ಹೋಗೂದಿಲ್ಲ ಅಂತ ಹೇಳಿದ್ರೇನು? ಈಗ ನನಗೂ ಚಿಲಕಾ ಹಾಕ್ತೀರಿ?”

ನನ್ನ ಅಪ್ಪನ ಕಥೆಯನ್ನು ಅವನಿಗೆ ಹಿಂದೊಮ್ಮೆ ನಾನೇ ಹೆಮ್ಮೆಯಿಂದ ಹೇಳಿದ್ದೆ. ಅವನು ಅದನ್ನು ಮರೆತಿರಲಿಲ್ಲ.  ಅವನು ಎದ್ದು ಹಿಂದಿನ ಸೀಟಿಗೆ ಹೋಗಿ ಕೂತ.

ಶಾಲೆಯಲ್ಲಿ ಹಳೆಯ ಯಂತ್ರದ ಮೇಲೆ ಲಿನಕ್ಸನ್ನು ಹೊಸದಾಗಿ ಹಾಕಿದ್ದರು. ಮಕ್ಕಳ ಅಂಕಪಟ್ಟಿ, ಚಿತ್ರ, ಆಟ ತುಂಬಿದ್ದವು. ಪ್ರಹ್ಲಾದ ಸಂಜೆಯವರೆಗೆ ಕೆದಕಿದ. ಪುಸ್ತಕದ ಒಂದು ಪುಟವೂ ಉಳಿದಿರಲಿಲ್ಲ. ಬರುವಾಗ ಬಸ್ಸಿನಲ್ಲಿ ಮತ್ತೆ ಪಕ್ಕದಲ್ಲೇ ಕೂತ. ಪುಣೆಯ ಸ್ವಾರಗೇಟ್ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಇಷ್ಟೇ ಅಂದ: “ನಾ ಯಾರ ಮುಂದೂ ಹೇಳಂಗಿಲ್ರಿ. ನೀವಽ ಹೇಳ್ರಿ.”

ಶಾಂತಾಳಿಗೆ ಹೇಳಿದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. “ಆ ಮನಶ್ಯಾ ಖಾರ ತಿಂದು ಅತ್ತಿದ್ದು ನೆನಪೈತಿ ನನಗ” ಎಂದಳು. ಹಿಟ್ಟನ್ನು ಮುಚ್ಚಿಟ್ಟು, “ಹೋಗಿ ಬರ್ರಿ. ಬಂದ ಮ್ಯಾಲೆ ಊಟಾ” ಎಂದಳು.

ಶಿರೀಷ್ ಅವರ ಮನೆಯ ಮೆಟ್ಟಿಲು ಹತ್ತುವಾಗ ಏನೇನು ಬೈಗುಳ ಬೀಳಬಹುದೆಂದು ಮರಾಠಿಯಲ್ಲೇ ಲೆಕ್ಕ ಹಾಕುತ್ತಿದ್ದೆ. ಎಲ್ಲಕ್ಕೂ ಸಿದ್ಧನಾಗಿದ್ದೆ. ಕಾಲು ಮುಟ್ಟಲೂ ಸಿದ್ಧನಿದ್ದೆ, ಅವರು ನನಗಿಂತ ಚಿಕ್ಕವರಾದರೂ. ಅವರು ಬಾಗಿಲು ತೆಗೆದು, “ಯಾ ಕಾಕಾ” ಎಂದು ಒಳಗೆ ಕರೆದರು. ಕೂರಲಿಲ್ಲ ನಾನು. ನಿಂತೇ ಹೇಳಿದೆ.

 ಅವರು ಕಿಟಕಿಗೆ ಹೋಗಿ ನಿಂತರು. ಅಡುಗೆಮನೆಯಲ್ಲಿ ಅವರ ಹೆಂಡತಿ ಕೇಳಿಸಿಕೊಂಡಿರಬೇಕು. ಪಾತ್ರೆಯ ಸದ್ದು ನಿಂತಿತ್ತು. ಕೊನೆಗೆ ಶಿರೀಷ್ ತಿರುಗಿ ಕೇಳಿದ್ದು ಇದು:

“ಯಾವ ಸಾಲು?”

ನನಗೆ ಅರ್ಥವಾಗಲಿಲ್ಲ.

“ಬೂಟ್ ಆಗುವಾಗ ಹಾಕಿದಿರಲ್ಲ, ಯಾವ ಸಾಲು ಅದು?”

ಹೇಳಿದೆ. ಅವರು ಕಣ್ಣು ಮುಚ್ಚಿದರು. ತುಟಿ ಅಲುಗಿತು, ಅದನ್ನೇ ಹೇಳಿಕೊಂಡರು. “ಹೌದು... ಅದೇ ಇರಬೇಕು” ಎಂದರು. ಆ ಹೊತ್ತಿನಲ್ಲೂ ಅವರಿಗೆ ಉತ್ತರ ತಿಳಿದ ಸಂತೋಷ ಒಂದು ಗಳಿಗೆ ಮುಖದ ಮೇಲೆ ಬಂದು ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಜೀವನದಲ್ಲಿ ನನ್ನನ್ನು ಅಷ್ಟು ಬೆಚ್ಚಿಸಿದ್ದು ಬೇರೊಂದಿಲ್ಲ.

“ಕ್ಷಮಿಸಿ” ಎಂದೆ.

“ನನಗೇನು ಹೇಳ್ತೀರಿ?” ಎಂದರು. ದನಿ ಈಗ ಗಟ್ಟಿಯಾಗಿತ್ತು. “ನನ್ನದು ಹೋಯಿತು. ಇನ್ನೊಬ್ಬ ಇವತ್ತು ಅದೇ ಬೋರ್ಡು ತರುತ್ತಾನೆ. ಅವನು ಹುಡುಕಿಕೊಂಡು ನನ್ನ ಮನೆಗೆ ಬರುತ್ತಾನೇನು? ಲಿಸ್ಟವರ ಲಿಹಾ, ಕಾಕಾ. ಲಿಸ್ಟಿನ ಮೇಲೆ ಬರೆಯಿರಿ.” ಬಾಗಿಲು ತೆರೆದು ಹಿಡಿದರು. ಹೋಗು ಎನ್ನಲಿಲ್ಲ, ಮತ್ತೆ ಬಾ ಎಂದೂ ಅನ್ನಲಿಲ್ಲ.

ಅಂಗಡಿಗೆ ಹೋಗಿ ಬರೆದೆ. ಈ ಸಲ ಪ್ರಹ್ಲಾದನನ್ನು ಕೇಳಲಿಲ್ಲ. ನನ್ನ ಇಂಗ್ಲಿಷಿನಲ್ಲೇ, ನನ್ನ ಹಳೆಯ ಪ್ರಶ್ನೆಯ ಜೊತೆಗೇ: ಬಗೆಹರಿಯಿತು. ಹೀಗೆ ಬಗೆಹರಿಯಿತು. ಒಂದು ವರ್ಷಕ್ಕೂ ಹಿಂದೆಯೇ ಬಗೆಹರಿದಿತ್ತು. ನಾನು ಬರೆಯಲಿಲ್ಲ. ಅದರಿಂದ ಶಿರೀಷ್ ಅವರ ಪುಸ್ತಕ ಹೋಯಿತು. ಕೆಳಗೆ ಹೆಸರು ಹಾಕಿ, ಕಳಿಸುವ ಗುಂಡಿ ಒತ್ತಿ, ಕಂಪ್ಯೂಟರಿನ ಮುಂದೆ ತಲೆ ತಗ್ಗಿಸಿ ಕೂತೆ. ನಾಡಿನ ಬೈಗುಳವೆಲ್ಲ ಬರಲಿ ಎಂದು.

ಮೊದಲ ಉತ್ತರ ಬಂತು. ಯಾರೋ ಗುರುತಿಲ್ಲದವರು. ‘ದಯವಿಟ್ಟು ನಿಮ್ಮ ಉತ್ತರವನ್ನು ಹಳೆಯ ಪತ್ರದ ಮೇಲೆ ಬರೆಯಬೇಡಿ, ಕೆಳಗೆ ಬರೆಯಿರಿ. ಓದಲು ಕಷ್ಟವಾಗುತ್ತದೆ.’ ಅಷ್ಟೇ.

ನಾನು ನಕ್ಕೆನೋ ಅತ್ತೆನೋ ಹೇಳಲಾರೆ. ಮಾರ್ಬಲಿನವನು ಮಷೀನು ನಿಲ್ಲಿಸಿ, “ಕಾಕಾ, ಏನಾಯ್ತು?” ಎಂದು ಓಡಿ ಬಂದ. ಎರಡನೆಯದು ನಾಗಪುರದಿಂದ: ‘ಮೂರು ವಾರದಿಂದ ಒದ್ದಾಡುತ್ತಿದ್ದೆ. ಇದರಿಂದ ಸರಿಹೋಯಿತು. ಧನ್ಯವಾದ.’ ಆಮೇಲೆ ಬೈಗುಳಗಳೂ ಬಂದವು. ಬರಬೇಕಾದವೇ. ಕೆಲವರು ಸಭೆಯಲ್ಲಿ ನನ್ನ ಪಕ್ಕ ಕೂರುವುದನ್ನು ಬಿಟ್ಟರು. ನಾನು ಹೋಗುವುದನ್ನು ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು ಸ್ಕ್ರೂ ಬಿಚ್ಚಿಕೊಡುವ ಕೆಲಸ ಮಾಡಿದೆ.

ಪುಸ್ತಕದ ಬಿಡಿ ಪಾಠಗಳನ್ನು ಶಿರೀಷ್ ತಿದ್ದುಪಡಿಗೆಂದು ಅವರಿವರಿಗೆ ಮೇಲ್ ಮಾಡಿದ್ದರಂತೆ. ಗುಂಪಿನವರೆಲ್ಲ ತಮ್ಮ ತಮ್ಮ ಹಳೆಯ ಮೇಲುಗಳನ್ನು ಅಗೆದು ಒಂದೊಂದನ್ನೂ ವಾಪಸು ತಂದರು. ಎಲ್ಲ ಸಿಕ್ಕವು, ಮೊದಲನೆಯದೊಂದು ಬಿಟ್ಟು. ಅದನ್ನು ಅವರು ಯಾರಿಗೂ ಕಳಿಸಿರಲಿಲ್ಲ. ಪ್ರಶ್ನೆಯನ್ನು ಕೇಳುವುದು ಹೇಗೆ ಎಂಬ ಪಾಠವಂತೆ ಅದು. ಮತ್ತೆ ಬರೆಯಿರಿ ಎಂದು ಎಷ್ಟು ಜನ ಹೇಳಿದರೂ ಬರೆಯಲಿಲ್ಲ. ಏಕೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಇಂದಾಪುರದ ಶಾಲೆಗೂ ಹೋದ ಆ ಪುಸ್ತಕ ಎರಡನೆಯ ಪಾಠದಿಂದ ಶುರುವಾಗುತ್ತದೆ.

ಆಮೇಲೆ ಪುಣೆಯ ಹೊರಗಿನ ಹಿಂಜವಾಡಿಯಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳೆದ್ದವು. ಗುಂಪಿನವರನ್ನು ಕಂಪನಿಯ ಕ್ಯಾಬುಗಳು ಬೆಳಿಗ್ಗೆ ಹೊತ್ತೊಯ್ದು ಕತ್ತಲಾದ ಮೇಲೆ ಬಿಡತೊಡಗಿದವು. ಶನಿವಾರ ಹಾಲಿಗೆ ಬರುವವರು ಕಡಿಮೆಯಾಗುತ್ತ ಬಂದು, ಒಂದು ದಿನ ನಾನು ಹೋದಾಗ ಕಾವಲುಗಾರ, “ಯಾರೂ ಬಂದಿಲ್ಲ” ಎಂದ. ಪ್ರಹ್ಲಾದ ವರ್ಗವಾಗಿ ಹೋಗುವ ಮುಂಚೆ ಅಂಗಡಿಗೆ ಬಂದಿದ್ದ. “ಆ ಬಸ್ಸಿನ್ಯಾಗ ಭಾಳ ಅಂದೆರಿ ನಿಮಗ” ಎಂದ. “ಕಡಿಮೀನ ಅಂದೀದಿ” ಎಂದೆ. ಶಿರೀಷ್ ಅವರನ್ನು ವರ್ಷಕ್ಕೊಮ್ಮೆ ಸಂಕ್ರಾಂತಿಗೆ ಕಾಣುತ್ತೇನೆ. ಎಳ್ಳುಂಡೆ ಕೊಟ್ಟು, ಮರಾಠಿ ಪದ್ಧತಿಯಂತೆ ಸಿಹಿಯಾಗಿ ಮಾತಾಡಿ ಎನ್ನುತ್ತಾರೆ. ಆಡುತ್ತೇವೆ. ಭುಜ ತಟ್ಟಿ ನಗುತ್ತ ಆಡುತ್ತಿದ್ದ ಆ ಮಾತು ಮಾತ್ರ ಮತ್ತೆ ಬರಲಿಲ್ಲ.

ಕಳೆದ ಸಲ ಬನಹಟ್ಟಿಗೆ ಹೋದಾಗ ಒಬ್ಬ ನೇಕಾರರು ಅಂಚಿನ ಒಂದು ತುಂಡು ಹಿಡಿದುಕೊಂಡು ಬಂದರು. ಅಪ್ಪನ ಕೆಂಪು. ಮಾಸಿರಲೇ ಇಲ್ಲ.

“ಪುಣೆಯವರು ಬಂದಾರಂತ ಕೇಳಿ ಬಂದೆ. ಇದು ನಿಮ್ಮ ತಂದಿಯವರ ಬಣ್ಣಾ ಅಲ್ರಿ? ಹೆಂಗ ಹಾಕ್ತಿದ್ರು? ನಿಮಗ ಹೇಳಿರಬೇಕಲ್ಲಾ.”

ಹೇಳಿರಲಿಲ್ಲ. ಊರು ಬಿಟ್ಟವನಿಗೆ ಹೇಳಿ ಏನು ಮಾಡುವುದು ಎಂದುಕೊಂಡಿರಬೇಕು. ಅಪ್ಪ ಒಂದು ಮುಂಜಾನೆ ಹಾಸಿಗೆಯಲ್ಲೇ ತೀರಿಹೋದರು. ಚಿಲಕದ ಒಳಗಿನದು ಒಳಗೇ ಹೋಯಿತು. “ನನಗ ಗೊತ್ತಿಲ್ರಿ” ಎಂದೆ. ಹಾಲಿನಲ್ಲಿ ಶಿರೀಷ್ ಅಂದ ಹಾಗೆ ಗಟ್ಟಿಯಾಗಿಯೇ ಅಂದೆ. ಊರಿನಲ್ಲಿ ಹಾಗೆ ಅನ್ನುವವರಿಲ್ಲ. ಅವರು ನಂಬಲಿಲ್ಲ. ಮುಚ್ಚಿಡುತ್ತಿದ್ದಾನೆ, ಅಪ್ಪನ ಮಗ, ಎನ್ನುವ ಹಾಗೆ ನೋಡಿ ಹೋದರು. ಪುಣೆಯಲ್ಲಿ ನಾನು ಊರಿನವನಾಗಿ ತಪ್ಪು ಮಾಡಿದೆ. ಊರಿನಲ್ಲಿ ಪುಣೆಯವನಾಗಿ ನಿಜ ಹೇಳಿದೆ. ಎರಡೂ ಕಡೆ ನನ್ನನ್ನು ಪೂರ್ತಿ ನಂಬುವವರು ಈಗ ಇಲ್ಲ. ಅದು ನ್ಯಾಯವೇ.

ಆ ತುಂಡನ್ನು ಅವರು ನನಗೇ ಬಿಟ್ಟು ಹೋದರು. ಕೊಂಢವಾದ ಮನೆಯಲ್ಲಿ ಇದನ್ನು ಬರೆಯುವಾಗ ಎದುರಿಗಿದೆ. ನನಗೆ ಗೊತ್ತಿರುವಷ್ಟನ್ನು ಬರೆಯುತ್ತೇನೆ: ತಾಮ್ರದ ಹಂಡೆ. ನೀರು ಕುದಿ ಬರುವ ಮೊದಲೇ ಕಟ್ಟಿಗೆ ಹಿರಿದು ಉರಿ ಕಡಿಮೆ ಮಾಡುತ್ತಿದ್ದರು. ಕೊನೆಗೆ ಹಾಕುತ್ತಿದ್ದ ಪುಡಿಗೆ ಹುಳಿ ವಾಸನೆ ಇತ್ತು, ಬಾಗಿಲ ಸಂದಿಯಿಂದ ನಮಗೆ ಬರುತ್ತಿತ್ತು. ಇಷ್ಟೇ. ಉಳಿದ ಅರ್ಧ, ಬನಹಟ್ಟಿಯ ಅಥವಾ ಪಕ್ಕದ ಊರು ರಬಕವಿಯ ಯಾವ ಮನೆಯಲ್ಲಾದರೂ ಯಾರ ನೆನಪಿನಲ್ಲಾದರೂ ಇದ್ದರೆ ಬರೆಯಿರಿ. ನನ್ನ ಮನೆಗೆ ಬೇಡ. ಎಲ್ಲರಿಗೂ ಕಾಣುವ ಕಡೆ ಬರೆಯಿರಿ.